ಚೀಟಿ ಎತ್ತಿದರೆ ನ್ಯಾಯ ಆಗುತ್ತಾ?

ಕ್ವಿಜ್‌ಗೆ ನಾಲ್ಕು ಜನರ ತಂಡ ಬೇಕು ಅಂದ್ಕೊಳ್ಳೋಣ. ಹೆಸರು ಕೊಟ್ಟವರು 9 ಜನ: ಹಾವೇರಿಯವರು 4, ರಾಣೆಬೆನ್ನೂರಿನವರು 3, ಬ್ಯಾಡಗಿಯವರು 2. "ಚೀಟಿ ಎತ್ತೋಣ, ಯಾರಿಗೂ ಅನ್ಯಾಯ ಆಗಲ್ಲ" ಅಂತ ಒಬ್ಬರಾದರೂ ಹೇಳ್ತಾರೆ. ಲೆಕ್ಕ ಹಾಕಿ ನೋಡೋಣ.

ತಂಡದಲ್ಲಿ ಯಾರ ಹೆಸರು ಮೊದಲು ಬಂತು ಅನ್ನೋದು ಮುಖ್ಯವಲ್ಲ. ಆದ್ದರಿಂದ ಇದು ಕ್ರಮಯೋಜನೆ ಅಲ್ಲ, ವಿಕಲ್ಪ: (9×8×7×6) ÷ (4×3×2×1) = 126 ತಂಡಗಳು. ಈ ಸೂತ್ರವನ್ನು ನೃಪತುಂಗನ ಕಾಲದ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೇ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ.

ಮೂರೂ ಊರಿನವರು ಇರುವ ತಂಡಗಳೆಷ್ಟು? ನಾವು ಸಾಮಾನ್ಯವಾಗಿ ಹೀಗೆ ಮಾಡ್ತೀವಿ: ಊರಿಗೊಬ್ಬರಂತೆ 4×3×2, ಉಳಿದ 6 ಜನರಲ್ಲಿ ಯಾರಾದರೂ ಒಬ್ಬರು, ಒಟ್ಟು 144. ಆದರೆ ಇರೋ ತಂಡಗಳೇ 126! ಎಡವಿದ್ದೆಲ್ಲಿ? ಒಂದೇ ಊರಿನ ಇಬ್ಬರಲ್ಲಿ 'ಊರಿನ ಪ್ರತಿನಿಧಿ' ಯಾರು, 'ಉಳಿದವರು' ಯಾರು ಅಂತ ಅದಲುಬದಲು ಮಾಡಿ ಅದೇ ತಂಡವನ್ನು ಎರಡು ಸಲ ಎಣಿಸಿದ್ವಿ.

ಸರಿಯಾದ ದಾರಿ, ಯಾವ ಊರಿಂದ ಇಬ್ಬರು ಅಂತ ಬೇರೆ ಬೇರೆ ನೋಡೋದು:

ಹಾವೇರಿಯಿಂದ ಇಬ್ಬರು: 6×3×2 = 36
ರಾಣೆಬೆನ್ನೂರಿನಿಂದ ಇಬ್ಬರು: 4×3×2 = 24
ಬ್ಯಾಡಗಿಯಿಂದ ಇಬ್ಬರು: 4×3×1 = 12

ಒಟ್ಟು 72. ಅಂದರೆ 54 ತಂಡಗಳಲ್ಲಿ ಒಂದಾದರೂ ಊರು ಬಿಟ್ಟುಹೋಗುತ್ತೆ. ಅವುಗಳಲ್ಲಿ 35ರಲ್ಲಿ ಬ್ಯಾಡಗಿಯವರೇ ಇರಲ್ಲ. ಚೀಟಿ ಒಬ್ಬೊಬ್ಬರಿಗೂ ಸಮಾನ ಅವಕಾಶ ಕೊಡುತ್ತೆ ನಿಜ, ಊರಿಗಲ್ಲ. ಎರಡರಲ್ಲಿ ನಮಗೆ ಯಾವುದು ಬೇಕು ಅನ್ನೋದನ್ನ ಚೀಟಿ ಬರೆಯೋ ಮೊದಲೇ ತೀರ್ಮಾನ ಮಾಡಬೇಕು.