ಕೊಳವೆಯ ಸಂದು ಮತ್ತು ಇಲಿಯ ಹಲ್ಲು

ಅಡಿಗೆಮನೆಯ ಸಿಂಕಿನ ಕೊಳವೆ ಗೋಡೆಯನ್ನು ಹಾಯುವ ಎಡೆಯಲ್ಲಿ ಮೆತ್ತಿದ ಗಾರೆ ಕೆಲಕಾಲದಲ್ಲಿಯೇ ಬಿಟ್ಟುಕೊಂಡು ಉದುರುವುದನ್ನು ಅನೇಕರು ಕಂಡಿರಬಹುದು. ಆ ದಾರಿಯಾಗಿ ಇಲಿ ಮತ್ತೆ ಬಂದಾಗ ಗಾರೆಯವನನ್ನು ಬಯ್ಯುವುದು ವಾಡಿಕೆ. ಆದರೆ ಇದಕ್ಕೆ ಮುಖ್ಯ ಕಾರಣ ಅವನ ಕೈಯಲ್ಲಿಲ್ಲ, ಪದಾರ್ಥಗಳ ಸ್ವಭಾವದಲ್ಲಿದೆ. ವಿಷಯ ಕ್ಷುಲ್ಲಕವೆನ್ನುವಂತಿಲ್ಲ, ಇಲಿಯ ಮೂತ್ರದಿಂದ ಇಲಿಜ್ವರ ತಗಲಬಹುದು, ಅದು ಕಡಿದ ವಿದ್ಯುತ್ತಂತಿಯಿಂದ ಬೆಂಕಿ ಹೊತ್ತಬಹುದು.

ಮೊದಲು ಸಂದಿನ ಅಳತೆಯನ್ನು ನೋಡೋಣ. ಮನೆಯಲ್ಲಿ ಸೇರಿಕೊಳ್ಳುವ ಚಿಕ್ಕ ಇಲಿಗೆ ಸುಮಾರು 6 ಮಿಲಿಮೀಟರ್ ಎಡೆ ಸಾಕು. ತಲೆ ನುಸುಳಿದರೆ ಮೈ ಹಿಂಬಾಲಿಸುತ್ತದೆ. 40 ಮಿಲಿಮೀಟರ್ ವ್ಯಾಸದ ಕೊಳವೆಗಾಗಿ 50 ಮಿಲಿಮೀಟರ್ ವ್ಯಾಸದ ರಂಧ್ರವನ್ನು ಕೊರೆದರೆಂದು ಭಾವಿಸಿರಿ. ಕೊಳವೆ ನಟ್ಟನಡುವೆ ನಿಂತರೆ ಸುತ್ತಲೂ ಉಳಿಯುವ ತೆರಪು 5 ಮಿಲಿಮೀಟರ್ ಮಾತ್ರ. ಆದರೆ ಕೊಳವೆ ತನ್ನ ಭಾರದಿಂದ ರಂಧ್ರದ ತಳಕ್ಕೆ ಒರಗುತ್ತದೆ. ಆಗ ತೆರಪೆಲ್ಲವೂ ಮೇಲುಗಡೆ ಕೂಡಿ, ಬಿದಿಗೆಯ ಚಂದ್ರನ ಆಕಾರದಲ್ಲಿ, ನಡುವೆ 10 ಮಿಲಿಮೀಟರ್ ಅಗಲವಾಗುತ್ತದೆ. ಇಲಿಗೆ ಅದು ಹೆದ್ದಾರಿ.

ಅಲ್ಲಿಗೆ ಗಾರೆ ತುಂಬಿದರೆ ಮುಗಿಯಿತೆ? ಇಂದು ಮನೆಗಳ ಕೊಳವೆಗಳು ಹೆಚ್ಚಾಗಿ ಪಿ.ವಿ.ಸಿ.ಯವು. ಶಾಖಕ್ಕೆ ಪಿ.ವಿ.ಸಿ. ಗಾರೆಗಿಂತ ಸುಮಾರು ಐದು ಮಡಿ ಹೆಚ್ಚು ಹಿಗ್ಗುತ್ತದೆ. 3 ಮೀಟರ್ ಉದ್ದದ ಕೊಳವೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿತೆಂದರೆ ಅದರ ಉದ್ದ 5-6 ಮಿಲಿಮೀಟರ್ ಬೆಳೆಯುತ್ತದೆ. ಹೊರಗೋಡೆಯ ಬಿಸಿಲು, ಅನ್ನ ಬಸಿದು ಚೆಲ್ಲಿದ ಕುದಿಗಂಜಿ, ಎರಡರಿಂದಲೂ ಕೊಳವೆ ಚೆನ್ನಾಗಿ ಕಾಯುತ್ತದೆ. ಹೀಗೆ ಅದು ದಿನವೂ ಹಿಂದೆ ಮುಂದೆ ಜರುಗುವಾಗ, ಅದರ ನುಣುಪಾದ ಮೈಗೆ ಮೊದಲೇ ಸರಿಯಾಗಿ ಅಂಟದ ಗಾರೆ ಬಿಡಿಸಿಕೊಂಡು ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಆ ಬಿರುಕಿನಲ್ಲಿ ಇಲಿ ತೂರಲಾರದು. ಆದರೆ ಸಡಿಲವಾದ ಅಂಚನ್ನು ಕಡಿದು ಅಗಲಿಸಬಲ್ಲದು.

ಇಲಿಯ ಬಾಚಿಹಲ್ಲು ಜೀವಮಾನವೆಲ್ಲ ಬೆಳೆಯುತ್ತಿರುತ್ತದೆ. ಗಟ್ಟಿಯಾದ ಎನಾಮಲ್ ಇರುವುದು ಅದರ ಮುಂಬದಿಗೆ ಮಾತ್ರ. ಹಿಂಬದಿಯ ಮೆದುಭಾಗ ಬೇಗ ಸವೆಯುವುದರಿಂದ ಹಲ್ಲು ಬಡಗಿಯ ಉಳಿಯಂತೆ ತನಗೆ ತಾನೇ ಹರಿತವಾಗುತ್ತದೆ. ಎನಾಮಲಿನಲ್ಲಿ ಕಬ್ಬಿಣದ ಅಂಶವೂ ಸೇರಿದೆ. ಹಲ್ಲಿನ ಕಿತ್ತಳೆ ಬಣ್ಣ ಅದರಿಂದಲೇ. ಚಿಂದಿಬಟ್ಟೆ, ರಬ್ಬರು, ಡಬ್ಬಿಯಿಂದ ಚಿಮ್ಮಿಸುವ ನೊರೆ, ಇವು ಯಾವುವೂ ಅಂಥ ಹಲ್ಲನ್ನು ತಡೆಯಲಾರವು.

ಆದುದರಿಂದ ಸಂದಿಗೆ ತುಂಬುವ ವಸ್ತು ಹಲ್ಲಿಗೆ ಬಗ್ಗದೆ, ಕೊಳವೆ ಜರುಗಿದಾಗ ಅದರೊಡನೆ ಬಳುಕಬೇಕು. ಒಂದೇ ವಸ್ತುವಿನಲ್ಲಿ ಈ ಗುಣಗಳನ್ನು ಹುಡುಕುವುದಕ್ಕಿಂತ ಎರಡನ್ನು ಜೊತೆಗೂಡಿಸುವುದು ಲೇಸು. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಉಕ್ಕಿನ ನಾರಿನ ಉಂಡೆಯನ್ನು ಬಿಡಿಸಿ, ಕಡ್ಡಿಯಿಂದ ಸಂದಿನ ಆಳಕ್ಕೆ ಬಿಗಿಯಾಗಿ ತುರುಕಿ, ಮೇಲೆ ಸಿಲಿಕೋನನ್ನು ಮೆತ್ತಬೇಕು. ನಾರು ಸ್ಪ್ರಿಂಗಿನಂತೆ ಅದುಮಿಕೊಂಡು ಸಂದನ್ನು ತುಂಬಿರುತ್ತದೆ. ಸಿಲಿಕೋನು ರಬ್ಬರಿನಂತೆ ಎಳೆದುಕೊಂಡು ನಾರನ್ನು ಹಿಡಿದಿಡುತ್ತದೆ. ಸಾಮಾನ್ಯ ಕಬ್ಬಿಣದ ನಾರು ಮಾತ್ರ ಬೇಡ. ಬಚ್ಚಲ ತೇವಕ್ಕೆ ಅದು ತುಕ್ಕು ಹಿಡಿದು ಪುಡಿಯಾಗುತ್ತದೆ. ಒಳಗೆ ಇಲಿ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಮುಚ್ಚುವುದು ಒಳ್ಳೆಯದು, ಇಲ್ಲವಾದರೆ ಅದು ಸತ್ತು ನಾರುವುದನ್ನು ಸಹಿಸಬೇಕಾದೀತು.

ಗ್ಯಾಸ್ ಗೀಸರಿನ ಹೊಗೆ ಹೋಗುವ ದಾರಿಯನ್ನಾಗಲಿ, ಗಾಳಿಕಿಂಡಿಯನ್ನಾಗಲಿ ಈ ಉತ್ಸಾಹದಲ್ಲಿ ಮುಚ್ಚಕೂಡದು. ಅದರಿಂದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೆ ಅಪಾಯವಾದೀತು. ಗಾಳಿಕಿಂಡಿಗೆ 6 ಮಿಲಿಮೀಟರಿಗಿಂತ ಕಿರಿದಾದ ಕಣ್ಣುಗಳ ತಂತಿಬಲೆಯನ್ನು ಬಿಗಿದರೆ ಸಾಕು.