ರಾಜತಾಂತ್ರಿಕ ಸಭೆಗಳ ನೇರ ಪ್ರಸಾರ: ರಾಯಚೂರಿನ ನೆಲೆಯಿಂದ ಒಂದು ಪರಿಶೀಲನೆ

ಅಂತರರಾಷ್ಟ್ರೀಯ ರಾಜತಾಂತ್ರಿಕ ಸಭೆಯೊಂದರ ನೇರ ಪ್ರಸಾರವು ರಾಯಚೂರು ನಗರಕ್ಕಾಗಲಿ, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಗಾಗಲಿ ತಲುಪುವುದು ಇಂದು ತಾಂತ್ರಿಕವಾಗಿ ಕಠಿಣವಲ್ಲ. ಆದರೆ ಚಿತ್ರ ತಲುಪುವುದು ಬೇರೆ, ಅರ್ಥ ತಲುಪುವುದು ಬೇರೆ. ಈ ಅಂತರವನ್ನು ಅರಿಯಲು ಈ ಜಿಲ್ಲೆಯ ಪ್ರಸಾರ ಚರಿತ್ರೆಯೇ ನೆರವಾಗುತ್ತದೆ.

ಭಾರತ ಮತ್ತು ಅಮೆರಿಕಗಳ ನಡುವೆ 1969ರಲ್ಲಿ ಆದ ಒಪ್ಪಂದದ ಫಲವಾಗಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗಾಗಿ ರೂಪಿಸಲಾದ ಈ ಪ್ರಯೋಗದಲ್ಲಿ ಕರ್ನಾಟಕದ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು ಸೇರಿದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಒಂದೇ ಚಿತ್ರಕ್ಕೆ ಎರಡು ಧ್ವನಿವಾಹಿನಿಗಳನ್ನು ಜೋಡಿಸಿ, ಕನ್ನಡ ಮತ್ತು ತೆಲುಗುಗಳೆರಡರಲ್ಲೂ ಕೇಳಿಸುವ ವ್ಯವಸ್ಥೆ ಈ ಪ್ರಯೋಗದ ವೈಶಿಷ್ಟ್ಯವಾಗಿತ್ತು.

ರಾಜತಾಂತ್ರಿಕ ಸಭೆಗಳಲ್ಲಿ ಸಾಮಾನ್ಯವಾಗಿ ನೇರ ಪ್ರಸಾರವಾಗುವುದು ಸ್ವಾಗತ, ಉದ್ಘಾಟನಾ ಭಾಷಣ, ಸಹಿ ಮತ್ತು ಜಂಟಿ ಹೇಳಿಕೆಗಳು ಮಾತ್ರ. ಕೊಡುಕೊಳ್ಳುವಿಕೆಯ ಚರ್ಚೆ ಮುಚ್ಚಿದ ಬಾಗಿಲಿನ ಹಿಂದೆಯೇ ಉಳಿಯುತ್ತದೆ. 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಸಾರ್ಕ್ ಎರಡನೆಯ ಶೃಂಗಸಭೆ ಸೇರಿದಾಗ, ನಾಯಕರ ಅನೌಪಚಾರಿಕ ಮಾತುಕತೆಗೆ ನಂದಿಬೆಟ್ಟವನ್ನು ಆರಿಸಲಾಗಿತ್ತು. 2023ರ ಸೆಪ್ಟೆಂಬರ್ 9ರಂದು ದೆಹಲಿಯ ಜಿ-20 ಶೃಂಗಸಭೆಯ ಆರಂಭವನ್ನು, ಆಫ್ರಿಕನ್ ಒಕ್ಕೂಟದ ಸೇರ್ಪಡೆಯನ್ನು ದೇಶವೇ ನೋಡಿತು. ಆದರೆ ಅದರ ಘೋಷಣೆಯ ಕರಡನ್ನು ಕುರಿತು ಅದೇ ವರ್ಷದ ಜುಲೈನಲ್ಲಿ ತುಂಗಭದ್ರಾ ತೀರದ ಹಂಪಿಯಲ್ಲಿ ಶೆರ್ಪಾಗಳು ನಡೆಸಿದ ಚರ್ಚೆ, ಅದೇ ನದಿಯ ಕೆಳಹರಿವಿನ ಮಾನ್ವಿಯ ಜನರಿಗೂ ಕಾಣಸಿಗಲಿಲ್ಲ.

ಈ ಗೋಪ್ಯತೆ ನಿರಾಧಾರವಲ್ಲ. 2001ರ ಜುಲೈನ ಆಗ್ರಾ ಶೃಂಗಸಭೆಯಲ್ಲಿ ಮಾತುಕತೆ ಮುಗಿಯುವ ಮೊದಲೇ, ಸಂಪಾದಕರೊಡನೆ ಮುಷರಫ್ ಆಡಿದ ಮಾತುಗಳು ದೂರದರ್ಶನ ವಾಹಿನಿಗಳಲ್ಲಿ ಬಿತ್ತರಗೊಂಡವು. ಸಭೆ ಜಂಟಿ ಘೋಷಣೆಯಿಲ್ಲದೆ ಕೊನೆಗೊಂಡಿತು. ಅದೊಂದೇ ಕಾರಣವೆನ್ನಲಾಗದು, ಆದರೆ ಬಹಿರಂಗವಾಗಿ ಆಡಿದ ಮಾತಿನಿಂದ ಹಿಂದೆ ಸರಿಯುವುದು ನಾಯಕರಿಗೆ ಕಷ್ಟವೆಂಬುದು ಸ್ಪಷ್ಟ.

ಬಾಗಿಲು ತೆರೆದಿರುವಷ್ಟು ಹೊತ್ತಾದರೂ ಅಲ್ಲಿನ ಮಾತು ಪ್ರಜೆಗೆ ತಿಳಿಯಬೇಕು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು. ಸಾರ್ಕ್‌ನ ವ್ಯವಹಾರ ಭಾಷೆ ಇಂಗ್ಲಿಷ್. ಇವುಗಳಲ್ಲಿ ಕನ್ನಡಕ್ಕೆ ಸ್ಥಾನವಿಲ್ಲದಿದ್ದರೂ ಪ್ರಸಾರದಲ್ಲಿ ಸ್ಥಾನ ಕಲ್ಪಿಸಲು ಅಡ್ಡಿಯಿಲ್ಲ. ಬತ್ತದ ರಫ್ತಿನ ನೀತಿಯೋ, ರಸಗೊಬ್ಬರದ ಆಮದೋ ಚರ್ಚೆಗೆ ಬಂದಾಗ ಅದರ ಪರಿಣಾಮ ದೇವದುರ್ಗದ ರೈತನ ಹೊಲದವರೆಗೂ ಬರುತ್ತದೆ. ಆದಕಾರಣ ಇಂಥ ಪ್ರಸಾರಗಳಿಗೆ ಕನ್ನಡದಲ್ಲಿ ತತ್‌ಕ್ಷಣದ ಅನುವಾದವನ್ನು ಒದಗಿಸುವುದೂ ಘೋಷಣೆಗಳ ಕನ್ನಡ ಪಾಠವನ್ನು ಗ್ರಂಥಾಲಯಗಳಲ್ಲಿ ಸಂಗ್ರಹಿಸುವುದೂ ಅವಶ್ಯ. ಒಂದು ಚಿತ್ರಕ್ಕೆ ಎರಡು ಭಾಷೆಗಳ ಧ್ವನಿಯನ್ನು 1975ರಲ್ಲಿಯೇ ಕೇಳಿದ ಜಿಲ್ಲೆಯ ಮಟ್ಟಿಗೆ ಇದು ಹೊಸ ಬೇಡಿಕೆಯೇನಲ್ಲ.