ತೂಕಯಂತ್ರಕ್ಕೆ ಜಾಲ ಸಂಪರ್ಕ: ವಿಳಾಸ ನಿಗದಿಯಲ್ಲಿ ವಹಿಸಬೇಕಾದ ಎಚ್ಚರ

ಗೋದಾಮಿನ ಎಲೆಕ್ಟ್ರಾನಿಕ್ ತೂಕಯಂತ್ರವನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿ, ತೂಕವು ನೇರವಾಗಿ ಬಿಲ್ಲಿನಲ್ಲಿ ದಾಖಲಾಗುವಂತೆ ಮಾಡುವ ವ್ಯವಸ್ಥೆಯು ಸಣ್ಣ ಉದ್ದಿಮೆಗಳಲ್ಲಿಯೂ ಬಳಕೆಯಲ್ಲಿದೆ. ಇದರಿಂದ ಕೈಬರಹದ ತಪ್ಪುಗಳು ನಿವಾರಣೆಯಾಗುತ್ತವೆ. ಆದರೆ ಯಂತ್ರಕ್ಕೆ ಜಾಲದ ವಿಳಾಸವನ್ನು ಸರಿಯಾಗಿ ನೀಡದಿದ್ದಲ್ಲಿ ರವಾನೆ ಸ್ಥಗಿತಗೊಳ್ಳಬಹುದು. ಅದಕ್ಕಿಂತಲೂ ಹಾನಿಕರವಾಗಿ, ಒಂದು ಯಂತ್ರದ ತೂಕವು ಮತ್ತೊಂದರ ಲೆಕ್ಕಕ್ಕೆ ಸೇರಬಹುದು.

ಸ್ಥಿರ ವಿಳಾಸವೇ ಏಕೆ?

ಜಾಲದಲ್ಲಿನ ಪ್ರತಿಯೊಂದು ಸಾಧನಕ್ಕೂ 192.168.1.50 ಎಂಬಂತಹ ಐ.ಪಿ. ವಿಳಾಸವಿರುತ್ತದೆ. ಸಾಮಾನ್ಯವಾಗಿ ರೂಟರ್ ಈ ವಿಳಾಸಗಳನ್ನು ತಾನಾಗಿಯೇ ಹಂಚುತ್ತದೆ. ಆದರೆ ಅವು ಶಾಶ್ವತವಲ್ಲ. ವಿದ್ಯುತ್ ಕಡಿತದ ನಂತರ ಬದಲಾಗಲೂಬಹುದು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸದಲ್ಲಿಯೇ ಯಂತ್ರವನ್ನು ಹುಡುಕುತ್ತದೆ. ಎರಡು ಯಂತ್ರಗಳ ವಿಳಾಸ ಅದಲುಬದಲಾದರೆ ತೂಕವೂ ಅದಲುಬದಲಾಗುತ್ತದೆ. ಆದುದರಿಂದ ತೂಕಯಂತ್ರಕ್ಕೆ ಸ್ಥಿರ ವಿಳಾಸ ನೀಡುವುದು ಅವಶ್ಯಕ. ಅದು ರೂಟರ್ ಹಂಚುವ ವ್ಯಾಪ್ತಿಯ ಹೊರಗಿರಬೇಕು. ರೂಟರ್ 100ರಿಂದ 200ರವರೆಗಿನ ಕೊನೆಯ ಸಂಖ್ಯೆಗಳನ್ನು ಹಂಚುತ್ತಿದ್ದರೆ, ಯಂತ್ರಕ್ಕೆ 50 ಅನ್ನು ನೀಡಬಹುದು. ಒಂದೇ ವಿಳಾಸ ಎರಡು ಸಾಧನಗಳಿಗೆ ಬಂದಲ್ಲಿ ಸಂಪರ್ಕವು ಆಗಾಗ ಕಡಿದುಹೋಗುತ್ತದೆ.

ಇತರ ವಿವರಗಳು

ಸಬ್‌ನೆಟ್ ಮಾಸ್ಕ್ 255.255.255.0 ಎಂದಿದ್ದರೆ, ಯಂತ್ರ ಹಾಗೂ ಕಂಪ್ಯೂಟರಿನ ವಿಳಾಸಗಳ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರಬೇಕು. ಪೋರ್ಟ್ ಸಂಖ್ಯೆಯನ್ನು ಯಂತ್ರದ ಕೈಪಿಡಿಯಲ್ಲಿ ನೋಡಿ, ತಂತ್ರಾಂಶದಲ್ಲಿಯೂ ಅದನ್ನೇ ನಮೂದಿಸಬೇಕು, ಮಾಡ್‌ಬಸ್ ಟಿ.ಸಿ.ಪಿ. ಪದ್ಧತಿಗೆ ನಿಗದಿಯಾದ ಸಂಖ್ಯೆ 502. ಬಳಿಕ ಯಂತ್ರವನ್ನು ಒಮ್ಮೆ ಆರಿಸಿ ಚಾಲನೆ ಮಾಡಿ, ಗೊತ್ತಿರುವ ತೂಕದ ಬಟ್ಟನ್ನು ಇಟ್ಟು, ಯಂತ್ರದ ಹಾಗೂ ಕಂಪ್ಯೂಟರಿನ ಅಂಕಿಗಳು ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಬೇಕು. ಹಲವು ಯಂತ್ರಗಳಿದ್ದಲ್ಲಿ ಪ್ರತಿಯೊಂದರಲ್ಲಿಯೂ ಬೇರೆ ಬೇರೆ ತೂಕವಿಟ್ಟು ನೋಡುವುದು ಲೇಸು.

ಮುದ್ರೆ ಮತ್ತು ಸುರಕ್ಷತೆ

2011ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಪ್ರಕಾರ ವ್ಯಾಪಾರಕ್ಕೆ ಬಳಸುವ ತೂಕಯಂತ್ರವು ಸತ್ಯಾಪನೆಗೊಂಡು ಮುದ್ರೆ ಪಡೆದಿರಬೇಕು. ಜಾಲದ ವಿವರಗಳನ್ನು ಬದಲಿಸುವಾಗ ತೂಕದ ನಿಖರತೆಯನ್ನು ಹೊಂದಿಸುವ ಭಾಗಕ್ಕೆ ಕೈಹಾಕಬಾರದು. ತಂತ್ರಜ್ಞರು ಮುದ್ರೆಯನ್ನು ತೆಗೆಯಬೇಕೆಂದರೆ ಕಾರಣವನ್ನು ಕೇಳಿ ತಿಳಿಯಬೇಕು. ತೆಗೆದಲ್ಲಿ ಪುನಃ ಸತ್ಯಾಪನೆ ಮಾಡಿಸಿದ ನಂತರವೇ ಯಂತ್ರವನ್ನು ಬಳಸಬೇಕು.

ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು. ಮಾಡ್‌ಬಸ್ ಟಿ.ಸಿ.ಪಿ. ಮೂಲ ಪದ್ಧತಿಯಲ್ಲಿ ಗುಪ್ತಪದದ ರಕ್ಷಣೆಯೇ ಇಲ್ಲ; ಆದ್ದರಿಂದ ಅಂತಹ ಯಂತ್ರವು ಹೊರಗಿನ ಅಂತರ್ಜಾಲಕ್ಕೆ ತೆರೆದುಕೊಳ್ಳದಂತೆ ನೋಡಿಕೊಳ್ಳಬೇಕು. ನೀಡಿದ ವಿಳಾಸ, ಪೋರ್ಟ್ ಸಂಖ್ಯೆ ಹಾಗೂ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ತೊಂದರೆ ಬಂದಾಗ ತಂತ್ರಜ್ಞರಿಗಾಗಿ ಕಾಯುವ ಸಮಯ ಉಳಿಯುತ್ತದೆ.